ದೋಣಿಗೆ ಟ್ರ್ಯಾಕ್ಟರ್ ಬ್ಯಾಟರಿ ನಡೆಯುತ್ತದೆಯೇ?

ಘಟಪ್ರಭೆಯ ಗುಂಟ ಬಾಗಲಕೋಟೆಯವರೆಗೂ ಚಾಚಿಕೊಂಡಿರುವ ಆಲಮಟ್ಟಿ ಹಿನ್ನೀರಿನಲ್ಲಿ ನಾನು ಸಣ್ಣದೊಂದು ಮೋಟಾರು ದೋಣಿ ಇಟ್ಟುಕೊಂಡಿದ್ದೇನೆ. ಅದನ್ನು ನೋಡಿದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಮನ್ಯಾಗ ಟ್ರ್ಯಾಕ್ಟರ್ ಬ್ಯಾಟರಿ ಐತ್ರಿ, ಅದನ್ನ ದೋಣಿಗೆ ಹಾಕಿದ್ರ ನಡೀತೈತೇನ್ರಿ?"

ಪೆಟ್ರೋಲ್ ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮಾತ್ರವಾದರೆ ನಡೆಯುತ್ತದೆ. ದೋಣಿಯನ್ನೇ ಬ್ಯಾಟರಿಯ ಮೋಟಾರಿನಿಂದ ಓಡಿಸುವುದಾದರೆ ನಡೆಯುವುದಿಲ್ಲ. ಟ್ರ್ಯಾಕ್ಟರ್ ಬ್ಯಾಟರಿಯೊಳಗೆ ಸೀಸದ ತೆಳುವಾದ ಪ್ಲೇಟುಗಳು ಒತ್ತೊತ್ತಾಗಿರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು, ಇಂಜಿನ್ ಹತ್ತಿಕೊಂಡ ಮೇಲೆ ಮತ್ತೆ ತುಂಬಿಕೊಳ್ಳುವುದಷ್ಟೇ ಅವುಗಳ ಕೆಲಸ. ಅದನ್ನೇ ಗಂಟೆಗಟ್ಟಲೆ ಎಳೆದು ಬರಿದು ಮಾಡುತ್ತ ಹೋದರೆ ಪ್ಲೇಟಿನ ಮೇಲಿನ ಸೀಸದ ಪುಡಿ ಉದುರಿ ತಳ ಸೇರುತ್ತದೆ. ನಾನೂ ಮೊದಲು ಈ ತಪ್ಪನ್ನೇ ಮಾಡಿದ್ದೆ. ಆ ಬ್ಯಾಟರಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ಒಂದು ಸಂಜೆ ಎದುರುಗಾಳಿಯಲ್ಲಿ ಮೋಟಾರು ನಿಂತು, ದಡದವರೆಗೂ ಹುಟ್ಟು ಹಾಕಿಕೊಂಡು ಬರಬೇಕಾಯಿತು.

ಮೋಟಾರು ಓಡಿಸಲು ದಪ್ಪ ಪ್ಲೇಟಿನ 'ಡೀಪ್ ಸೈಕಲ್' ಬ್ಯಾಟರಿಯೇ ಬೇಕು. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಅದೇ ಜಾತಿಯದಾದರೂ, 150 ಎ.ಎಚ್.ನದು (ಆಂಪಿಯರ್-ಅವರ್, ಅಂದರೆ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲದೆಂಬ ಅಳತೆ) 50 ಕಿಲೋಗಿಂತ ಹೆಚ್ಚು ತೂಗುತ್ತದೆ, ಎತ್ತರವಾಗಿರುತ್ತದೆ, ಅಲೆಗೆ ದೋಣಿ ವಾಲಿದರೆ ಆಸಿಡ್ ಚೆಲ್ಲುತ್ತದೆ. ಆದ್ದರಿಂದ ಸಣ್ಣ ದೋಣಿಗೆ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡು, ಸೀಲ್ ಆಗಿರುವ ಎ.ಜಿ.ಎಂ. ಬ್ಯಾಟರಿಯೇ ಮೇಲೆಂದು ನನ್ನ ಅಭಿಪ್ರಾಯ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೀಸದ್ದರ ಅರ್ಧದಷ್ಟೂ ತೂಗುವುದಿಲ್ಲ, ಬಾಳಿಕೆಯೂ ಹೆಚ್ಚು; ಆದರೆ ಬೆಲೆ ಜಾಸ್ತಿ, ಅದಕ್ಕೆಂದೇ ಇರುವ ಚಾರ್ಜರ್ ಬೇಕು.

ಕೊಳ್ಳುವ ಮೊದಲು ಲೆಕ್ಕ ಹಾಕಿರಿ. ಸೀಸದ ಬ್ಯಾಟರಿಯ ಮೇಲೆ 100 ಎ.ಎಚ್. ಎಂದು ಬರೆದಿರುವುದು ಸಾಮಾನ್ಯವಾಗಿ 5 ಆಂಪಿಯರಿನಂತೆ 20 ಗಂಟೆ ಎಳೆದಾಗಿನ ಮಾತು. ಮೋಟಾರು 30 ಆಂಪಿಯರ್ ಎಳೆದರೆ ಅಷ್ಟು ಸಿಗುವುದಿಲ್ಲ, ಸಿಕ್ಕಿದ್ದರಲ್ಲೂ ಅರ್ಧವನ್ನಷ್ಟೇ ಬಳಸಿದರೆ ಬ್ಯಾಟರಿ ಬಾಳುತ್ತದೆ. ಅಂದರೆ ಕೈಗೆ ಬರುವುದು ಒಂದು ಗಂಟೆ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ಹೋಗುವುದಕ್ಕೆಷ್ಟೋ ಮರಳಿ ಬರುವುದಕ್ಕೂ ಅಷ್ಟು ಇರಬೇಕೆಂಬುದನ್ನು ಮರೆಯಬಾರದು.

ನೀರು ಹಾಕುವ ಬ್ಯಾಟರಿಯೇ ಇದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ. ಬೋರಿನ ನೀರೂ ಬೇಡ, ಹೊಳೆಯ ನೀರೂ ಬೇಡ, ಅವುಗಳಲ್ಲಿನ ಲವಣ ಪ್ಲೇಟನ್ನು ಕೆಡಿಸುತ್ತದೆ. ಚಾರ್ಜಾಗಿ ಕೆಲವು ತಾಸು ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ತೋರಿಸಿದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಐದು ಸೆಲ್‌ಗಳು 1.265ರ ಆಸುಪಾಸು ತೋರಿಸಿ, ಆರನೆಯದರಲ್ಲಿ ಮಾತ್ರ ಅದರೊಳಗಿನ ತೇಲುವ ಬುರುಡೆ ಹೆಚ್ಚು ಮುಳುಗಿ 1.200ಕ್ಕೆ ನಿಂತರೆ ದೋಷವಿರುವುದು ಆ ಸೆಲ್‌ನಲ್ಲಿ. ಟರ್ಮಿನಲ್ ಮೇಲೆ ಕೂಡುವ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಬೇಕು.

ನಮ್ಮ ಕಡೆ ಬ್ಯಾಟರಿಗಳನ್ನು ಹೆಚ್ಚಾಗಿ ಕೊಲ್ಲುವುದು ಬೇಸಿಗೆ. ಹಿನ್ನೀರು ಇಳಿದು ದೋಣಿ ದಡ ಸೇರಿದ ಮೇಲೆ ಬ್ಯಾಟರಿಯನ್ನು ಅದರಲ್ಲೇ ಬಿಟ್ಟುಬಿಡುತ್ತಾರೆ. ಬಿಸಿಲು ಏರಿದಷ್ಟೂ ಅದು ತಾನಾಗಿಯೇ ಬೇಗ ಇಳಿಯುತ್ತದೆ, ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಹಿಡಿಯುವುದಿಲ್ಲ. ನಾನು ಮಾರ್ಚಿನಲ್ಲೇ ಮೊದಲು ನೆಗೆಟಿವ್ ತಂತಿ ಬಿಚ್ಚಿ, ಬ್ಯಾಟರಿಯನ್ನು ತಂದು, ಗಾಳಿಯಾಡುವ ಪಡಸಾಲೆಯ ನೆರಳಿನಲ್ಲಿ ಇಡುತ್ತೇನೆ. ಚಾರ್ಜಾಗುವಾಗ ಹೈಡ್ರೋಜನ್ ಹೊರಬರಬಹುದಾದ್ದರಿಂದ ಮುಚ್ಚಿದ ಕೋಣೆಯೂ ಬೇಡ, ಹತ್ತಿರದಲ್ಲಿ ಬೀಡಿಯೂ ಬೇಡ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಆ ತಾರೀಕನ್ನು ಸೀಮೆಸುಣ್ಣದಿಂದ ಅದರ ಮೈಮೇಲೆಯೇ ಬರೆಯುತ್ತೇನೆ. ಕೃಷ್ಣೆಗೆ ಹೊಸ ನೀರು ಬರುವ ಹೊತ್ತಿಗೆ ಅಲ್ಲಿ ನಾಲ್ಕು ತಾರೀಕುಗಳಿರಬೇಕು.