ಹೆಂಚು ಇಳಿಸುವ ಮೊದಲು

ಕಾಫಿ ಕುಯ್ಲು ಮುಗಿದ ಮೇಲೆ ಮೂಡಿಗೆರೆಯ ಹಳೆ ಮನೆ ಕೆಡವಿ ಆರ್‌ಸಿಸಿ ಹಾಕಿಸೋಣ ಅಂತ ತಮ್ಮ ಫೋನ್ ಮಾಡಿದ್ದ. ಅವನ ಕಷ್ಟ ನನಗೆ ಗೊತ್ತು. ಮಂಗಗಳು ಹೆಂಚು ಒಡೆಯುತ್ತವೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಜನ ಸಿಗುವುದಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ, ವೋಬಾನ್ ಬಡಾವಣೆ. 1992ರವರೆಗೆ ಇದು ಫ್ರೆಂಚ್ ಸೈನ್ಯದ ಜಾಗ. ನಮ್ಮದು ಪ್ಯಾಸಿವ್ ಹೌಸ್, ಅಂದರೆ ಹೀಟರ್ ಅಷ್ಟಾಗಿ ಬೇಡದೆ ಬೆಚ್ಚಗಿರುವ ಮನೆ. ಗೋಡೆಗೆ ದಪ್ಪ ಕಂಬಳಿ ಹೊದಿಸಿದ ಹಾಗೆ ಕಟ್ಟಿದ್ದಾರೆ, ಕಿಟಕಿಗೆ ಮೂರು ಪದರ ಗಾಜು, ಎಲ್ಲೂ ಸಂದಿಲ್ಲ, ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಒಳಗೆ ಬರುವ ಗಾಳಿಗೆ ದಾಟಿಸೋಕೆ ಒಂದು ಯಂತ್ರ. ಇಂಥ ಮೊದಲ ಮನೆಗಳು ಎದ್ದಿದ್ದು 1991ರಲ್ಲಿ, ಡಾರ್ಮ್‌ಸ್ಟಾಟ್‌ನಲ್ಲಿ. ಮನೆ ಬೆಚ್ಚಗಿಡೋಕೆ ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ದಾಟಬಾರದು ಅನ್ನುವುದು ಲೆಕ್ಕ.

"ಹಂಗಾದ್ರೆ ಅದೇ ಥರ ಕಟ್ಟೋಣ್ವಾ ಅಕ್ಕ?" ಅಂದ ತಮ್ಮ.

ಬೇಡ ಅಂದೆ. ಇಲ್ಲಿಯವರಿಗೆ ಚಳಿಯ ಚಿಂತೆ. ನಮಗೆ ತೇವದ್ದು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಸು ಬರುತ್ತದೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುವುದರಿಂದ, ಒಲೆಯ ಬಿಸಿ ಅಟ್ಟಕ್ಕೆ ಏರುವುದರಿಂದ, ಉದ್ದದ ಸೂರು ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ತಡೆಯುವುದರಿಂದ ಆ ಮನೆ ಇಷ್ಟು ಮಳೆಗಾಲ ತಾಳಿದೆ. ಆರ್‌ಸಿಸಿ ಹಾಕಿಸಿದವರೂ ಕೆಲವೇ ವರ್ಷಕ್ಕೆ ಮೇಲೆ ಕಂಬ ನಿಲ್ಲಿಸಿ ಶೀಟ್ ಹೊದಿಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ?

ಹೊರಗಿನದ್ದೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಇಲ್ಲಿಂದ ರೈಲು ಹತ್ತಿದರೆ ಗಂಟೆಯೊಳಗೆ ಸ್ವಿಟ್ಜರ್ಲೆಂಡಿನ ಬಾಸೆಲ್. ಆ ಊರಿನ ಮಿಷನ್ನಿನವರೇ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು. ಆ ಹೆಂಚು ನಮ್ಮ ಮಳೆಗೆ ಒಗ್ಗಿತು, ಉಳಿಯಿತು.

ಇಲ್ಲಿಂದ ನಾನು ತರಬೇಕು ಅಂದುಕೊಂಡಿರುವುದು ಬೇರೆ. ಬೇಸಿಗೆಯಲ್ಲಿ ಪಕ್ಕದ ಮನೆಯ ಅಜ್ಜಿ ಬಿಸಿಲೇರುವ ಮೊದಲೇ ಕಿಟಕಿಯ ಪರದೆ ಇಳಿಸುತ್ತಾರೆ, ರಾತ್ರಿ ಎಲ್ಲ ತೆರೆದಿಡುತ್ತಾರೆ, ಒಂದು ದಿನವೂ ತಪ್ಪಿಸುವುದಿಲ್ಲ. ಅಮ್ಮನೂ ಹೀಗೇ ಮೋಡ ನೋಡಿ ಕಿಟಕಿ ಹಾಕುತ್ತಿದ್ದಳು, ಒಂದು ಹೊಳವಾದರೂ ಸಾಕು, ಎಲ್ಲ ತೆಗೆಯುತ್ತಿದ್ದಳು. ಅವಳು ಹೋದ ಮೇಲೆ ಆ ಕಿಟಕಿಗಳು ಮುಚ್ಚೇ ಇವೆ. ಗೋಡೆ ತೇವ ಹಿಡಿಯದೆ ಇನ್ನೇನಾಗುತ್ತದೆ?

ಫೆಬ್ರವರಿ ಕೊನೆಗೆ ಬರುತ್ತಿದ್ದೇನೆ, ಅಲ್ಲಿಯವರೆಗೆ ಒಂದು ಹೆಂಚೂ ಇಳಿಸಬೇಡ ಅಂತ ತಮ್ಮನಿಗೆ ಹೇಳಿದ್ದೇನೆ. ಮೂಡಿಗೆರೆ, ಬಣಕಲ್ ಕಡೆ ಹೆಂಚಿನಡಿಯ ಮರದ ಪಕಾಸಿ, ರೀಪು ಬದಲಿಸಿ ಹೆಂಚು ಹೊದಿಸುವ ಹಳಬರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.