ನೂರು ಕಿಲೋಮೀಟರ್ ಆಳಕ್ಕೆ ಹೋಗಿ ನೋಡಿದ್ದು ಯಾರು?

ಲಡಾಖ್‌ನ ತ್ಸೋ ಮೊರಿರಿ ಸರೋವರದ ಸುತ್ತ ಎಕ್ಲೋಜೈಟ್ ಎಂಬ ಕಲ್ಲು ಸಿಗುತ್ತದೆ. ಅದು ಸುಮಾರು 100 ಕಿಲೋಮೀಟರ್ ಆಳಕ್ಕೆ ಹೋಗಿ ವಾಪಸ್ ಬಂದ ಕಲ್ಲು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: 'ಅಷ್ಟು ಆಳಕ್ಕೆ ಹೋಗಿ ನೋಡಿದ್ದು ಯಾರು?' ನ್ಯಾಯವಾದ ಪ್ರಶ್ನೆಯೇ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರೂ ಇಳಿಯಲು ಆಗಿದ್ದು 12 ಕಿಲೋಮೀಟರ್ ಚಿಲ್ಲರೆ ಅಷ್ಟೆ.

ಯಾರೂ ಹೋಗಿಲ್ಲ. ಕಲ್ಲೇ ಹೋಗಿ ಬಂದಿದೆ, ಸಾಕ್ಷಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು.

ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ಅದರ ತೂಕ. ಅಷ್ಟೇ ಗಾತ್ರದ ಗ್ರಾನೈಟ್‌ಗಿಂತ ಜಾಸ್ತಿ ಭಾರ. ಹಸಿರು ಮೈ ತುಂಬ ಕೆಂಪು ಗಾರ್ನೆಟ್ ಕಾಳುಗಳು. ಇದನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಅದೃಷ್ಟವಿದ್ದರೆ, ಗಾರ್ನೆಟ್ ಒಳಗೆ ಒಂದು ಪುಟ್ಟ ಚುಕ್ಕೆ ಕಾಣುತ್ತದೆ. ಅದೇ ಕೋಸೈಟ್. ಇದರಲ್ಲಿರುವುದೂ ಬೆಣಚುಕಲ್ಲಿನಲ್ಲಿರುವ ಸಿಲಿಕಾವೇ, ಆದರೆ ಪರಮಾಣುಗಳು ಒತ್ತೊತ್ತಾಗಿ ಕೂತಿವೆ. ಹಾಗೆ ಕೂರಬೇಕಾದರೆ ಸುಮಾರು 90 ಕಿಲೋಮೀಟರ್ ಆಳದಲ್ಲಿರುವಷ್ಟು ಒತ್ತಡ ಬೇಕು. ಇದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವನು ಲೋರಿಂಗ್ ಕೋಸ್, ಹೆಸರು ಬಂದದ್ದೂ ಅವನಿಂದಲೇ. ಪರ್ವತದ ಕಲ್ಲಿನಲ್ಲಿ ಅದು ಸಿಕ್ಕಿದ ಸುದ್ದಿ ಬಂದದ್ದು 1984ರಲ್ಲಿ: ಆಲ್ಪ್ಸ್‌ನ ಡೋರಾ ಮೈರಾದಿಂದ ಕ್ರಿಶ್ಚಿಯನ್ ಶೋಪಾನ್, ಅದೇ ವರ್ಷ ನಾರ್ವೆಯಿಂದ ಡೇವಿಡ್ ಸ್ಮಿತ್.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆ ಚುಕ್ಕೆಯ ಸುತ್ತಲಿನ ಬಿರುಕುಗಳು. ಮೇಲೆ ಬರುವಾಗ ಒತ್ತಡ ಇಳಿದು ಕೋಸೈಟ್ ಮತ್ತೆ ಬೆಣಚಾಗಲು ನೋಡುತ್ತದೆ. ಬೆಣಚಿಗೆ ಶೇಕಡಾ 10ರಷ್ಟು ಜಾಸ್ತಿ ಜಾಗ ಬೇಕು. ಗಾರ್ನೆಟ್ ಬಿಡುವುದಿಲ್ಲ. ಕೊನೆಗೆ ಗಾರ್ನೆಟ್ಟೇ ಸೂರ್ಯಕಿರಣದ ಹಾಗೆ ಸುತ್ತಲೂ ಸೀಳುತ್ತದೆ. ಕೋಸೈಟ್ ಪೂರ್ತಿ ಹೋಗಿದ್ದರೂ ಆ ಸೀಳು ಉಳಿದಿರುತ್ತದೆ.

ಅಷ್ಟು ಆಳದಲ್ಲಿ ಕರಗಲಿಲ್ಲವೇಕೆ? ತಣ್ಣಗಿದ್ದ ಭಾರತದ ಭೂಫಲಕದ ಅಂಚು ಏಷ್ಯಾದ ಅಡಿಗೆ ಬೇಗ ನುಗ್ಗಿತು. ಕಲ್ಲಿಗೆ ಒತ್ತಡ ತಕ್ಷಣ ತಟ್ಟುತ್ತದೆ, ಬಿಸಿ ತಟ್ಟಲು ತುಂಬ ಹೊತ್ತು ಬೇಕು.

ಇನ್ನು ಮೇಲೆ ಬಂದದ್ದು. ಎಕ್ಲೋಜೈಟ್ ಒಂದೇ ಇದ್ದಿದ್ದರೆ ಮುಳುಗಿಯೇ ಹೋಗುತ್ತಿತ್ತು. ಅದು ಭೂಮಿಯ ಹೊರಪದರದ ಕೆಳಗೇ ಇರುವ ಮ್ಯಾಂಟಲ್‌ಗಿಂತಲೂ ಭಾರ. ಆದರೆ ತ್ಸೋ ಮೊರಿರಿಯಲ್ಲಿ ಅದಿರುವುದು ನೈಸ್ ಎಂಬ ಹಗುರ ಶಿಲೆಯ ನಡುವೆ, ಉಂಡೆ ಉಂಡೆಯಾಗಿ. ನೈಸ್ ತೇಲಿತು, ಇದನ್ನೂ ಹೊತ್ತು ತಂದಿತು. ಇದೆಲ್ಲ ಸುಮಾರು 5 ಕೋಟಿ ವರ್ಷಗಳ ಹಿಂದೆ. ಏರಿದ ವೇಗ ವರ್ಷಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ. ನಿಧಾನ ಅನ್ನಿಸುತ್ತದೆ, ಅಲ್ವಾ? ಕಲ್ಲಿನ ಲೋಕದಲ್ಲಿ ಇದು ಓಟ. ಹಾಗೆ ಓಡಿ ಬಂದರೂ ಉಂಡೆಗಳ ಅಂಚೆಲ್ಲ ಅಷ್ಟರಲ್ಲಿ ಆಂಫಿಬೊಲೈಟ್ ಎಂಬ ಬೇರೆಯೇ ಕಪ್ಪು ಕಲ್ಲಾಗಿಬಿಟ್ಟಿತ್ತು. ಅದಕ್ಕೇ ಸುಮ್ನೆ ಮೇಲ್ಮೈಯ ಚೂರು ಆರಿಸಿ ತಂದರೆ ಪ್ರಯೋಜನವಿಲ್ಲ. ಸುತ್ತಿಗೆ ಉಂಡೆಯ ನಡುಭಾಗ ಮುಟ್ಟಬೇಕು.