ಫ್ಲೆಕ್ಸ್‌ನ ಮೇಲಿನ ಸಾಲು

ತುಮಕೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದೇನೆ. ಕೈಯಿಂದ ದುಡ್ಡು ಹೋದ ತಪ್ಪು ನಡೆದದ್ದು 2023ರ ರಾಜ್ಯೋತ್ಸವದ ಹಿಂದಿನ ರಾತ್ರಿ. ಜೆಡಿಎಸ್‌ನ ಸ್ಥಳೀಯ ಮುಖಂಡರೊಬ್ಬರ ಶುಭಾಶಯದ ಫ್ಲೆಕ್ಸ್, ಹತ್ತು ಅಡಿಗೆ ಎಂಟು ಅಡಿ, ಒಟ್ಟು ಆರು. ಹಳೆಯ ಫೈಲ್ ತೆರೆದೆ, ಹಬ್ಬದ ಹೆಸರು ಬದಲಿಸಿದೆ, ಪ್ರಿಂಟಿಗೆ ಬಿಟ್ಟೆ. ಬೆಳಗಾಗುವ ಮೊದಲೇ ಫೋನ್ ಬಂತು: "ಇಬ್ರಾಹಿಂ ಅವರನ್ನು ರಾಜ್ಯಾಧ್ಯಕ್ಷ ಸ್ಥಾನದಿಂದ ತೆಗೆದು ಹತ್ತು ದಿನ ದಾಟಿತಲ್ಲ ಸ್ವಾಮಿ, ಪೇಪರ್ ಓದುವುದಿಲ್ಲವೇ?"

ಬೇರೆ ಪಕ್ಷಗಳ ಫೈಲ್ ಆಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅವುಗಳ ಮೇಲಿನ ಸಾಲು, ಅಂದರೆ ನಾಯಕರ ಫೋಟೋಗಳ ಸಾಲು, ಆಗಾಗ ಬದಲಾಗುತ್ತದೆ, ಕೇಳದೆ ಮುಟ್ಟುವುದಿಲ್ಲ. ಇಲ್ಲಿ ಮಾತ್ರ ನಡುವೆ ದೇವೇಗೌಡರು, ಪಕ್ಕದಲ್ಲಿ ಮಗ ಕುಮಾರಸ್ವಾಮಿ, ಆಮೇಲೆ ಮೊಮ್ಮಗ ನಿಖಿಲ್. ಕಣ್ಣು ಮುಚ್ಚಿ ಜೋಡಿಸಬಹುದು. ಆ ಸಲೀಸೇ ನನ್ನನ್ನು ಕೆಡಿಸಿತು. ತಿದ್ದಲು ಕುಳಿತಾಗ ಇನ್ನೊಂದು ತಮಾಷೆ: ಇಬ್ರಾಹಿಂ ಅವರನ್ನು ಅಳಿಸಿದೆ, ಆ ಜಾಗಕ್ಕೆ ಹಾಕಲು ಹೊಸ ಮುಖವೇ ಇಲ್ಲ. ಹೊಸ ರಾಜ್ಯಾಧ್ಯಕ್ಷರು ಕುಮಾರಸ್ವಾಮಿ, ಅವರಾಗಲೇ ಸಾಲಿನಲ್ಲಿದ್ದರು. ಫೋಟೋದ ಕೆಳಗೆ ಹುದ್ದೆ ಸೇರಿಸಿ, ಖಾಲಿ ಜಾಗಕ್ಕೆ ಕನ್ನಡ ಬಾವುಟವನ್ನು ಎಳೆದು ಅಗಲ ಮಾಡಿದೆ. ಆರೂ ಫ್ಲೆಕ್ಸ್ ನನ್ನ ಖರ್ಚಿನಲ್ಲಿ.

2004ರಲ್ಲಿ 58 ಶಾಸಕರಿದ್ದ ಪಕ್ಷ 2018ರಲ್ಲಿ 37ಕ್ಕೆ, 2023ರಲ್ಲಿ 19ಕ್ಕೆ ಇಳಿಯಿತು. ಹೊಸಬರನ್ನು ಮುಂದಕ್ಕೆ ತರಬಾರದೇ ಎಂದು ಒಮ್ಮೆ ಆ ಮುಖಂಡರನ್ನೇ ಕೇಳಿದೆ. "ಗೌಡರ ಫೋಟೋ ಇಲ್ಲದ ಫ್ಲೆಕ್ಸನ್ನು ಹಳ್ಳಿಯಲ್ಲಿ ಯಾರು ನೋಡುತ್ತಾರೆ?" ಎಂದರು. ಸುಳ್ಳಲ್ಲ. ಪ್ರಧಾನಿಯಾಗಿದ್ದ ಕನ್ನಡಿಗ ಅವರೊಬ್ಬರೇ. ಆದರೆ ಆ 19ರಲ್ಲಿ ಇಬ್ಬರು ಮಹಿಳೆಯರು: ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ ಕರೆಮ್ಮ ನಾಯಕ, ಶಿವಮೊಗ್ಗ ಗ್ರಾಮಾಂತರದಲ್ಲಿ ಶಾರದಾ ಪೂರ್ಯಾನಾಯ್ಕ. ಇಬ್ಬರೂ ಗೆದ್ದದ್ದು ಮಂಡ್ಯ, ಹಾಸನದ ಕಡೆಯಲ್ಲಲ್ಲ, ಪಕ್ಷದ ಬೇರು ಅಷ್ಟು ಆಳವಿಲ್ಲದ ನೆಲದಲ್ಲಿ. ಮಂಡ್ಯ, ರಾಮನಗರ, 2024ರಲ್ಲಿ ಚನ್ನಪಟ್ಟಣ ಎಂದು ಮೂರು ಬಾರಿ ಸೋತ ನಿಖಿಲ್ ಅವರ ಫೋಟೋ ಮಾತ್ರ ಮೇಲಿನ ಸಾಲಿನಿಂದ ಇಳಿದಿಲ್ಲ. ಗೆದ್ದ ಆ ಇಬ್ಬರ ಫೋಟೋ ಹಾಕಿ ಎಂದು ನನ್ನ ಅಂಗಡಿಗೆ ಇದುವರೆಗೆ ಯಾರೂ ಬಂದಿಲ್ಲ. ನನ್ನ ಫೈಲಿನಲ್ಲಿರುವ ಒಬ್ಬಳೇ ಹೆಂಗಸು ಚುನಾವಣಾ ಚಿಹ್ನೆಯ ತೆನೆ ಹೊತ್ತ ಮಹಿಳೆ.

ಈಗ ಯಾವ ಪಕ್ಷದ್ದಾದರೂ ಸರಿ, ವಾಟ್ಸ್‌ಆ್ಯಪ್‌ನಲ್ಲಿ ಪ್ರೂಫ್ ಕಳುಹಿಸಿ, 'ಸರಿ ಇದೆ' ಎಂಬ ಉತ್ತರ ಬಂದ ಮೇಲೆಯೇ ಮಷೀನ್ ಹಾಕುತ್ತೇನೆ. ಕಳೆದ ವಾರ ಕಾರ್ಯಕರ್ತ ಹುಡುಗನೊಬ್ಬ ಪ್ರೂಫ್ ನೋಡಿ, "ಅಣ್ಣ, ನನ್ನ ಫೋಟೋ ಸ್ವಲ್ಪ ದೊಡ್ಡದು ಮಾಡಲು ಆಗುತ್ತದೆಯೇ?" ಎಂದು ಕೇಳಿದ. ಜಾಗವೇನೋ ಇತ್ತು. ಮೇಲಿನವರನ್ನು ಕೇಳಿ ಹೇಳು ಎಂದೆ. ಇನ್ನೂ ಫೋನ್ ಮಾಡಿಲ್ಲ.